ಒಂದು ಕಾಯಿಗೆ ಒಂದು ಒತ್ತು

ಕಂಪ್ಯೂಟರ್ ವಿಷಯದಲ್ಲಿ ನನ್ನನ್ನು ಮೀರಿಸುವ ಮುದುಕಿ ಏಳು ಬೀದಿ ಹುಡುಕಿದರೂ ಸಿಗುವುದಿಲ್ಲ. ಒಂದೇ ಬೆರಳಿನಿಂದ, ಕನ್ನಡಕವೂ ಇಲ್ಲದೆ, ಹಾಲು ಕಾಯುವಷ್ಟರಲ್ಲಿ ಮುನ್ನೂರ ಹನ್ನೆರಡು ಜನರ ಕಾಯಿಲೆಯ ಗುಟ್ಟು ತೆರೆದವಳು ನಾನು. ಇದರಲ್ಲಿ ಅರ್ಧ ಸುಳ್ಳು ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೆಕ್ಕ ನಿಜ, ಬೆರಳೂ ನಿಜ, ಜಾಣತನ ಮಾತ್ರ ಸುಳ್ಳು. ನಾನು ಓದಿದ್ದು ಎರಡನೇ ಕ್ಲಾಸು, ಅದರಲ್ಲೂ ಮೇಷ್ಟ್ರು ಬಾರದ ದಿನಗಳೇ ಹೆಚ್ಚು.

ನನ್ನ ಸೊಸೆ ದೊಡ್ಡ ಆಸ್ಪತ್ರೆಯೊಂದರ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದಳು. ಡಾಕ್ಟರುಗಳು ಗೊಣಗಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ, ರೋಗಿಯ ಕಡತದಲ್ಲಿ ಟೈಪು ಮಾಡುವುದು. ಆ ಕಂಪ್ಯೂಟರಿಗೆ ಒಂದು ಕೆಟ್ಟ ಬುದ್ಧಿ ಇತ್ತು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗುವುದು, ಅತ್ತ ಮೇಲ್ವಿಚಾರಕನ ಮುಂದೆ ಇವಳ ಹೆಸರಿನ ಪಕ್ಕ ಕೆಂಪು ಚುಕ್ಕೆ ಬೀಳುವುದು. ಮೂರು ಚುಕ್ಕೆ ಬಿದ್ದರೆ ಅರ್ಧ ದಿನ ಗೈರುಹಾಜರಿ. ನನ್ನ ಅತ್ತೆ ಕೂಡ ನನ್ನನ್ನು ಹೀಗೆ ಕಾದವಳಲ್ಲ. ಅವಳು ಮಧ್ಯಾಹ್ನ ಒಂದು ನಿದ್ದೆಯನ್ನಾದರೂ ಮಾಡುತ್ತಿದ್ದಳು.

ಸೊಸೆಗೆ ಸೊಂಟ ನೋವು. ಗಂಟೆಗಟ್ಟಲೆ ಕೂತು ಕೂತು ಬೆನ್ನು ಬಿಲ್ಲಾಗಿತ್ತು. ಅವಳು ಒಳಗೆ ಹೋಗಿ ಮಲಗಿದಾಗಲೆಲ್ಲ ಕಂಪ್ಯೂಟರಿನ ಕಾವಲಿಗೆ ನಾನು. ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಏರ್ಪಾಡು. ಕೆಳಮುಖದ ಬಾಣದ ಗುರುತಿರುವ ಕೀಯನ್ನು ನಾಲ್ಕು ನಿಮಿಷಕ್ಕೊಮ್ಮೆ ಒತ್ತಿದರೆ ಸಾಕು ಅಂತ ಹೇಳಿಕೊಟ್ಟಿದ್ದಳು. ಗಡಿಯಾರ ನೋಡಿಕೊಂಡು ಕೆಲಸ ಮಾಡಿ ನನಗೆ ರೂಢಿಯಿಲ್ಲ. ಅವತ್ತು ಮಡಿಲಲ್ಲಿ ಬಟಾಣಿ ಇತ್ತು. ಒಂದು ಕಾಯಿ ಸುಲಿದರೆ ಒಂದು ಒತ್ತು. ಕಾವಲು ಅಂದಮೇಲೆ ಧಾರಾಳವಾಗಿಯೇ ಇರಲಿ ಅಂತ. ಪರದೆಯ ಮೇಲೆ ಏನೇನೋ ಬಂದು ಹೋಗುತ್ತಿತ್ತು, ನಾನು ನೋಡುತ್ತಿದ್ದದ್ದು ಬಟಾಣಿಯೊಳಗಿನ ಹುಳವನ್ನು. ಸೊಸೆ ರೋಗಿಗಳ ಪಟ್ಟಿಯನ್ನು ಮುಚ್ಚದೆ ಎದ್ದು ಹೋಗಿದ್ದಳು. ನನ್ನ ಒಂದೊಂದು ಒತ್ತಿಗೂ ಒಂದೊಂದು ಕಡತ ಬಾಯಿ ತೆರೆಯುತ್ತಿತ್ತು. ಇದು ನಮಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ, ಪೊಲೀಸರು ಬಂದಾಗ.

ಇಬ್ಬರು ಬಂದಿದ್ದರು, ಚಪ್ಪಲಿ ಬಿಡಬೇಕಾ ಅಂತ ಕೇಳುವಷ್ಟು ಸಭ್ಯರು. ತನ್ನದಲ್ಲದ ಮುನ್ನೂರ ಹನ್ನೆರಡು ಕಡತ ತೆರೆದು ನೋಡಿದ್ದಾಳೆ, ಕದ್ದು ಮಾರುವುದಕ್ಕೇ ಇರಬೇಕು ಅಂತ ಆಸ್ಪತ್ರೆ ದೂರು ಕೊಟ್ಟಿತ್ತು. ಸೊಸೆ ನನ್ನ ಕಡೆ ಒಂದು ಸಲ ನೋಡಿದಳು. ಅವಳಿಗೆ ಅಲ್ಲೇ ಎಲ್ಲ ಹೊಳೆದುಹೋಯಿತು, ನನಗೆ ಮಾತ್ರ ಪೊಲೀಸರು ಹೋದ ಮೇಲೆ ಅವಳು ಬಿಡಿಸಿ ಹೇಳುವವರೆಗೂ ಏನೂ ತಿಳಿಯಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು: "ನಾನೇ ತೆಗ್ದಿದ್ದು. ಸುಮ್ನೆ, ಕುತೂಹಲಕ್ಕೆ." ಅದನ್ನು ಬರೆದುಕೊಂಡು, ಸಹಿ ಹಾಕಿಸಿಕೊಂಡು, ಕಂಪ್ಯೂಟರನ್ನೂ ಅವಳ ಫೋನನ್ನೂ ಚೀಲದಲ್ಲಿ ಹಾಕಿ, ಚೀಲಕ್ಕೆ ಅರಗು ಒತ್ತಿ ತೆಗೆದುಕೊಂಡು ಹೋದರು.

ಆಮೇಲಿನ ಒಂಬತ್ತು ದಿನ ನಾನು ಕೂತಿದ್ದರೆ ಕೇಳಿ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದ ದೂರವನ್ನು ಉದ್ದಕ್ಕೆ ಹಾಸಿದ್ದರೆ ಸಮುದ್ರ ದಾಟುತ್ತಿದ್ದೆ. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಕೈಯಲ್ಲಿದ್ದ ಸೌಟು ತಾನೇ ಕೆಳಗೆ ಬೀಳುತ್ತಿತ್ತು. ಕಂಪ್ಯೂಟರ್ ಇದ್ದ ಜಾಗದಲ್ಲಿ ಮೇಜಿನ ಮೇಲೆ ಚೌಕದ ಗುರುತು ಉಳಿದಿತ್ತು. ನಾನು ಅದನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದೆ. ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನನ್ನ ಮಗ, ಲೇತ್ ಮಿಷನ್ ಮೇಲೆ ಕೆಲಸ ಮಾಡುವವನು, ಕಬ್ಬಿಣದ ಜೊತೆ ಇದ್ದೂ ಇದ್ದೂ ಮಾತು ಮರೆತವನು, ಅವನು ಕೂಡ ಮೂರನೇ ದಿನ ಬಾಯಿ ಬಿಟ್ಟು, ಇಂಥ ಕೇಸುಗಳನ್ನೇ ನಡೆಸುವ ವಕೀಲಮ್ಮ ಒಬ್ಬಳಿದ್ದಾಳಂತೆ ಅಂದ.

ವಕೀಲಮ್ಮನ ಕಚೇರಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಎಷ್ಟು ಕಿರಿದು ಅಂದರೆ ಒಬ್ಬರ ಉಸಿರು ಹೊರಗೆ ಬಂದ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕು. ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರ ಮುಖದಲ್ಲೂ ಕಳ್ಳತನದ ಕಳೆ ಇರಲಿಲ್ಲ. ಒಬ್ಬ, ತನ್ನ ಹಳೆಯ ಯಜಮಾನನ ಪಾಸ್‌ವರ್ಡ್ ಬಳಸಿ ತನ್ನದೇ ಫೋಟೋ ತೆಗೆದುಕೊಂಡವನಂತೆ. ಇನ್ನೊಬ್ಬಳು ಯಾರೋ ಕಳಿಸಿದ್ದನ್ನು ಓದದೆ ನೂರು ಜನಕ್ಕೆ ದಾಟಿಸಿದವಳಂತೆ. ನಾನು ಐದೇ ನಿಮಿಷದಲ್ಲಿ ಅವರೆಲ್ಲರ ಕಥೆ ಕೇಳಿ ಮುಗಿಸಿದ್ದೆ. ಇಲ್ಲಿ ಯಾರಿಗೂ ಏನೂ ಹೇಳಬೇಡಿ ಅಂತ ಗೋಡೆಯ ಮೇಲೆ ಬರೆದಿತ್ತಂತೆ. ನನಗೆ ಓದಲು ಬಂದರೆ ತಾನೆ.

ವಕೀಲಮ್ಮ ನನ್ನ ಮಗನಿಗಿಂತ ಚಿಕ್ಕವಳು. ಮೊದಲು ಸೊಸೆಯನ್ನೇ ಬೈದಳು. ಕೇಳಿದವರಿಗೆಲ್ಲ ಉತ್ತರ ಕೊಡಲೇಬೇಕು ಅಂತ ಯಾರು ಹೇಳಿದ್ದು, ವಕೀಲರು ಬರಲಿ ಅನ್ನಲು ಬಾಯಿರಲಿಲ್ಲವಾ ಅಂತ. ಆಮೇಲೆ ಪೊಲೀಸರಿಂದ ಪಡೆದ ಕಾಗದದ ಕಟ್ಟನ್ನು ಬಿಚ್ಚಿದಳು. ಯಾವ ಕಡತ ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ತೆರೆಯಿತು ಅನ್ನುವುದೆಲ್ಲ ಅದರಲ್ಲಿತ್ತು. ಕದಿಯುವವನು ಮಿಷನ್ನಿಂದ ಕದಿಯುತ್ತಾನೆ, ಅದರ ಹೆಜ್ಜೆ ಒಂದೇ ಸಮ ಇರುತ್ತದೆ ಅಂದಳು. ಕುತೂಹಲದವನು ನಿಂತು ಓದುತ್ತಾನೆ. ಇಲ್ಲಿ ಎರಡೂ ಇಲ್ಲ. ಹತ್ತು ಸೆಕೆಂಡಿಗೊಂದು, ಎಂಟಕ್ಕೊಂದು, ಹನ್ನೆರಡಕ್ಕೊಂದು. ಪೆನ್ನಿನಿಂದ ಮೇಜಿನ ಮೇಲೆ ಅದೇ ಲಯದಲ್ಲಿ ಕುಟ್ಟಿ ತೋರಿಸಿದಳು. ನನ್ನ ಹೆಬ್ಬೆರಳು ಮಡಿಲಲ್ಲಿ ತಾನಾಗಿಯೇ ಕಾಯಿ ಸುಲಿಯತೊಡಗಿತು.

"ಹನ್ನೊಂದು ಮೂವತ್ತೆರಡರಿಂದ ಮೂವತ್ತಾರರವರೆಗೆ ಏನೂ ಇಲ್ಲ," ಅಂತ ಸೊಸೆಯ ಮುಖ ನೋಡಿ ಕೇಳಿದಳು. "ಆಗ ಏನ್ ಮಾಡ್ತಿದ್ರಿ?"

ಸೊಸೆ ತಡವರಿಸಿದಳು. ಪಾಪ, ಅವಳು ಆಗ ಗೊರಕೆ ಹೊಡೆಯುತ್ತಿದ್ದಳು.

"ಹಾಲು ಉಕ್ಕಿತ್ತು," ಅಂದೆ ನಾನು.

ಸೊಸೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆನೆ ತುಳಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ವಕೀಲಮ್ಮ ನನ್ನ ಮುಖ ನೋಡಿದಳು, ನನ್ನ ಹೆಬ್ಬೆರಳು ನೋಡಿದಳು, ಪೆನ್ನಿಗೆ ಮುಚ್ಚಳ ಹಾಕಿದಳು.

"ಅಜ್ಜಿ, ಇನ್ನೊಂದು ಮಾತೂ ಆಡ್ಬೇಡಿ. ನಾನು ಇವ್ರ ಪರ ನಿಂತವಳು. ನೀವು ಹೇಳೋದು ಇವ್ರಿಗೆ ಒಳ್ಳೇದಾಗ್ಬೋದು, ನಿಮಗೆ ಕೆಟ್ಟದ್ದಾಗತ್ತೆ. ಇಬ್ರಿಗೂ ನಾನೊಬ್ಳೇ ನಿಲ್ಲೋಕಾಗಲ್ಲ. ನಿಮ್ಮ ಪರ ಯಾರಾದ್ರೂ ಬಂದು ಕೂರೋವರ್ಗೂ ನಾನ್ ನಿಮ್ಮನ್ನ ಏನೂ ಕೇಳಲ್ಲ."

ಎಪ್ಪತ್ತೆರಡು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಲು ನನ್ನ ಗಂಡನಿಗೇ ಆಗಿರಲಿಲ್ಲ, ಅವರು ಆ ಪ್ರಯತ್ನದಲ್ಲೇ ಹೋದರು. ಈ ಹುಡುಗಿ ಮುಚ್ಚಿಸಿದಳು. ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದರು. ಅಲ್ಲಿಗೇ ಉಚಿತ ಕಾನೂನು ನೆರವಿನ ವಕೀಲ ಬಂದ, ಕೋಟಿನ ತೋಳು ಬೆರಳಿನವರೆಗೂ ಇಳಿದಿದ್ದ ಸಣಕಲ. ನನ್ನ ಕಥೆಯನ್ನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದ. ಆಮೇಲೆ ಬಿಡಿಸಿ ಹೇಳಿದ. ಸುಮ್ಮನಿರುವುದು ನನ್ನ ಹಕ್ಕು, ಯಾರೂ ಬಾಯಿ ಬಿಡಿಸುವಂತಿಲ್ಲ. ಆದರೆ ನಾನು ಸುಮ್ಮನಿದ್ದರೆ ಸೊಸೆ ಸಹಿ ಹಾಕಿದ ಮಾತೇ ನಿಲ್ಲುತ್ತದೆ, ಅವಳಿಗೆ ಜೈಲಾದರೂ ಆಗಬಹುದು. ನಾನೇ ಒತ್ತಿದ್ದು ಅಂದರೆ ಕಳ್ಳತನದ ಮಾತು ಬಿದ್ದುಹೋಗಬಹುದು. ಆದರೆ ಹೊರಗಿನವರ ಕೈಗೆ ಆಸ್ಪತ್ರೆಯ ಕಂಪ್ಯೂಟರ್ ಕೊಟ್ಟಿದ್ದಕ್ಕೆ ಅವಳ ಕೆಲಸ ಖಂಡಿತ ಹೋಗುತ್ತದೆ, ಮುಟ್ಟಿದ್ದಕ್ಕೆ ನನ್ನ ಮೇಲೂ ಒಂದು ಕೇಸು ಬೀಳಬಹುದು. ಇಂಥದ್ದನ್ನೇ ಮಾಡಿ ಅಂತ ನಾನು ಹೇಳಲಾರೆ, ಎರಡರಲ್ಲೂ ನಿಮ್ಮ ಪಕ್ಕ ಕೂರುತ್ತೇನೆ ಅಂದ. ಅತ್ತ ದರಿ, ಇತ್ತ ಪುಲಿ, ನಡುವೆ ಸಣಕಲ ವಕೀಲ.

ಮನೆಗೆ ಬಂದ ಮೇಲೆ ಸೊಸೆ ಮೊದಲ ಸಲ ನನಗೆ ಎದುರು ನಿಂತಳು. ಇಷ್ಟು ವರ್ಷ ಅವಳ ಸಾರು, ಅವಳ ನಿದ್ದೆ, ಅವಳ ತವರು, ಎಲ್ಲವನ್ನೂ ಆಡಿಕೊಂಡಿದ್ದೇನೆ. ಒಂದು ದಿನವೂ ತಿರುಗಿ ಮಾತಾಡಿದವಳಲ್ಲ.

"ಅತ್ತೆ, ಕೀ ಒತ್ತಿ ಅಂದವಳು ನಾನು. ಪಟ್ಟಿ ಮುಚ್ಚದೆ ಹೋದವಳೂ ನಾನೇ. ನೀವು ಬಾಯಿ ಬಿಟ್ರೆ ನಿಮ್ಮ ಹೆಸರನ್ನ ಆರೋಪಿ ಅಂತ ಬರ್ಕೋತಾರೆ."

"ಬರ್ಕೊಳ್ಳಲಿ ಬಿಡೆ. ನನ್ನ ಹೆಸರು ಯಾರಾದ್ರೂ ಬರ್ದು ಎಷ್ಟು ವರ್ಷ ಆಯ್ತು."

"ತಮಾಷೆ ಬೇಡ. ಈ ವಯಸ್ಸಲ್ಲಿ ನಿಮ್ಮನ್ನ ಕೋರ್ಟಿನ ಮೆಟ್ಟಿಲು ಹತ್ತಿಸಿ ನಾನು ಮನೇಲಿ ಹೇಗೆ ಕೂರ್ಲಿ?"

"ನೀನ್ ಜೈಲಲ್ಲಿ ಕೂತ್ರೆ ನಾನ್ ಇಲ್ಲಿ ಹೇಗೆ ಕೂರ್ಲಿ? ಈಗ್ಲೇ ಕೂರೋಕಾಗ್ತಿಲ್ಲ, ಕಾಣ್ತಿಲ್ವಾ?"

ಅವಳು ನನ್ನ ಕೈ ಹಿಡಿದು, ಅದನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ಏನೂ ಹೇಳುವುದಿಲ್ಲ ಅಂತ ಆಣೆ ಮಾಡಿಸಿಕೊಂಡಳು. ಹುಂ ಅಂದೆ. ಹುಂ ಅನ್ನುವುದು ನನ್ನ ಬಾಯಿಂದ ಬರುವ ಅತಿ ಚಿಕ್ಕ ಮಾತು.

ಹತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಯ ಒಳಕೋಣೆಯಲ್ಲಿ ಐದು ಕುರ್ಚಿ ಹಾಕಿದ್ದರು. ಮೇಜಿನ ಆಚೆ ತನಿಖೆಯ ಅಧಿಕಾರಿ, ಅವನ ಪಕ್ಕ ಟೈಪು ಮಾಡುವವನು. ಈಚೆ ಸೊಸೆ, ಅವಳ ವಕೀಲಮ್ಮ. ಬಾಗಿಲ ಬಳಿ, ಸೊಸೆಗೆ ಜೊತೆ ಅಂತ ಬಂದ ನಾನು. ನನ್ನ ವಕೀಲನಿಗೆ ಕುರ್ಚಿ ಸಾಲದೆ ನಿಂತೇ ಇದ್ದ. ವಕೀಲಮ್ಮ ಆ ನಾಲ್ಕು ನಿಮಿಷದ ಖಾಲಿ ಜಾಗವನ್ನು ಅಧಿಕಾರಿಗೆ ತೋರಿಸಿದಳು, ಹಾಲಿನ ಸುದ್ದಿ ಎತ್ತಲಿಲ್ಲ. ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ಇದು ಒಬ್ಬರೇ ಮಾಡಿದ್ದು ಅನ್ನಿಸುತ್ತಿಲ್ಲವಲ್ಲ ಅಂದ. ಆಮೇಲೆ ಅವನ ಕಣ್ಣು ಸುತ್ತಿಕೊಂಡು ಬಂದು ನನ್ನ ಮೇಲೆ ನಿಂತಿತು.

"ಅಜ್ಜಿ, ಆ ಹೊತ್ನಲ್ಲಿ ಮನೇಲಿ ಇನ್ಯಾರಿದ್ರು?"

ನನ್ನ ವಕೀಲ ಬಗ್ಗಿ ಕಿವಿಯಲ್ಲಿ, ಬೇಡ ಅನ್ನಿಸಿದರೆ ಬೇಡ ಅಂದ. ಸೊಸೆ ತಿರುಗಿ ನೋಡಿದಳು. ಕಣ್ಣಿನಲ್ಲಿ ಆಣೆ ಇತ್ತು, ಕೈ ಮಾತ್ರ ಸೊಂಟದ ಮೇಲಿತ್ತು, ಕುರ್ಚಿಯಲ್ಲಿ ಅರ್ಧ ಗಂಟೆ ಕೂತಿದ್ದಕ್ಕೇ ಅವಳಿಗೆ ನೋವು ಬಂದಿತ್ತು. ಟೈಪು ಮಾಡುವವನು ಬೆರಳುಗಳನ್ನು ಕೀಗಳ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ.

ನಾನು ಎದ್ದು ನಿಂತೆ. ಹೇಳಿದ್ದು ಒಂದೇ ಸಾಲು. ಟೈಪು ಮಾಡುವವನು ಅದನ್ನು ಎರಡು ಸಲ ಕೇಳಿದ, ಅಧಿಕಾರಿ ನೀರಿನ ಲೋಟ ಕೆಳಗಿಟ್ಟ, ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಷ್ಟು ಹೊತ್ತು ನನ್ನ ಮಾತು ಕೇಳಿದ್ದೀರಿ, ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತಾಗಿದೆ. ಏನು ಹೇಳಿರಬಹುದು, ನೀವೇ ಹೇಳಿ ನೋಡೋಣ.