ಕೀ ಕೇಳುವವರೆಗೆ

ಮೈದುನ ಎರಡನೇ ಸಲ ಬೈಕಿನ ಕಿಕ್ಕರ್ ಒದೆಯಲು ಕಾಲೆತ್ತಿದ್ದ.

"ಏಯ್, ಒದೀಬೇಡ! ನಿನ್ನ ದಮ್ಮಯ್ಯ ಅಂತೀನಿ, ಒದೀಬೇಡ!"

ಗಂಡನ ಶವದ ಪಕ್ಕದಿಂದ ಎದ್ದ ಅವಳು ಕೂತವರ ಕಾಲು ತುಳಿದುಕೊಂಡೇ ಅಂಗಳಕ್ಕೆ ಓಡಿಬಂದಳು. ನಿನ್ನೆ ಅವನು ತೀರಿಕೊಂಡಾಗಿನಿಂದ ಬಲಗೈ ಮುಷ್ಟಿ ಬಿಗಿದು, ಅಳದೆ, ಮಾತಾಡದೆ ಕೂತಿದ್ದವಳು. ಈಗ ನೋಡಿದರೆ ಬೈಕಿಗೆ ಅಡ್ಡ ನಿಂತಿದ್ದಾಳೆ.

"ಪಾಪ, ಸಂಕಟ ತಲೆಗೇರಿದೆ," ಎಂದ ಎದುರುಮನೆ ದರ್ಜಿ.

"ಅತ್ತಿಗೆ, ಅಕ್ಕ ಬಸ್ಸಿಳಿದು ಕಾಯ್ತಿದಾಳೆ," ಎಂದ ಮೈದುನ. "ಓಣಿಗೆ ಶವದ ವ್ಯಾನು ಅಡ್ಡ ನಿಂತಿದೆ, ಕಾರು ಹೋಗಲ್ಲ. ಅಕ್ಕ ಮುಖ ನೋಡ್ದೆ ಅಣ್ಣನ್ನ ಎತ್ತೋಕಾಗುತ್ತಾ? ಕೀ ಕೇಳಿದ್ರೆ ನೀವು ಕೊಡ್ಲಿಲ್ಲ. ನನ್ನ ಬೀರು ಕೀ ಹಾಕ್ದೆ, ತಿರುಗ್ತು."

ತಿರುಗದೆ ಏನು! ಗಂಡ ಊರೆಲ್ಲ ನೀರಿನ ಮೀಟರ್ ಓದಿ ನಿವೃತ್ತನಾದದ್ದು ಆ ಬೈಕಿನ ಮೇಲೆಯೇ. ಅದರ ಬೀಗ ಸವೆದು ಯಾವ ಕೀಗಾದರೂ ಮಣಿಯುತ್ತಿತ್ತು. ಪುಣ್ಯಕ್ಕೆ ಮೊದಲ ಒದೆತಕ್ಕೆ ಎಂಜಿನ್ ಏಳಲಿಲ್ಲ.

"ಅದರಲ್ಲಿ ಆಯಿಲ್ ಇಲ್ಲ ಕಣೋ."

"ಅರ್ಧ ಟ್ಯಾಂಕ್ ಇದೆ, ನೋಡ್ದೆನಲ್ಲ."

"ಪೆಟ್ರೋಲ್ ಅಲ್ಲವೋ ಮಾರಾಯ, ಎಂಜಿನ್ ಆಯಿಲ್! ನಿನ್ನೆ ನಿಮ್ಮಣ್ಣ ಇಳಿಸಿದ್ರು. ಹೊಸದು ಹಾಕಿಲ್ಲ. ಹಾಕಿದ್ಮೇಲೆ ಬಂದು ಕೀ ಕೇಳ್ತಿದ್ರು. ನಿನ್ನೆ ಕೇಳ್ಲೇ ಇಲ್ಲ."

ಮೈದುನ ಬಗ್ಗಿ ನೋಡಿದ. ನೆಲ ಗುಡಿಸಿಟ್ಟಂತಿತ್ತು.

"ಗಾಡಿ ಕೆಳಗೆ ಒಂದು ಬೇಸಿನ್ ಇತ್ತಪ್ಪ, ಕಪ್ಪಗೆ ಏನೋ ತುಂಬಿತ್ತು," ಎಂದು ದರ್ಜಿ ತಡವರಿಸಿದ. "ಕುರ್ಚಿ ಹಾಕೋಕೆ ಅಂತ ನಾನೇ ಮೂಲೇಗಿಟ್ಟೆ."

ಮೈದುನ ಎಂಜಿನ್ನಿನ ತಳ ತಡವಿದ. ಬೆರಳು ತೂತಿನೊಳಗೆ ಹೋಯಿತು.

"ಅಯ್ಯೋ ದೇವ್ರೇ, ಬೋಲ್ಟೇ ಇಲ್ಲ!"

*

ಮದುವೆಯಾದ ಹೊಸತು. ಆಯಿಲ್ ಬದಲಾಯಿಸುವುದೇನು ಬ್ರಹ್ಮವಿದ್ಯೆಯೇ ಎಂದು ಅವನು ಮನೆಯಲ್ಲೇ ಹಳೆಯದನ್ನು ಇಳಿಸಿ ಬೋಲ್ಟು ಹಾಕಿದ. ಅಷ್ಟರಲ್ಲಿ ಹೆಣ್ಣು ಕೊಟ್ಟ ಮಾವ ಬಂದರು. ಕಾಫಿಯಾಯಿತು, ಮಾತಾಯಿತು, ಹೊಸ ಆಯಿಲ್ ಹುಯ್ಯುವುದು ಮರೆತೇಹೋಯಿತು. ಮಾವನನ್ನು ಕೂರಿಸಿಕೊಂಡು ಹೊರಟರೆ ರಸ್ತೆಯ ತಿರುವಿನಲ್ಲೇ ಎಂಜಿನ್ ಕಿರ್ರೆಂದು ಕಚ್ಚಿಕೊಂಡು ನಿಂತಿತು. ಇಸ್ತ್ರಿ ಅಂಗಿಯ ಮಾವ ಬೈಕನ್ನು ಮನೆಯವರೆಗೂ ತಳ್ಳಿಕೊಂಡು ಬಂದರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೇ," ಎಂದು ಹಣೆ ಚಚ್ಚಿಕೊಂಡವನು ಅಂದೇ ಒಂದು ಕಟ್ಟಳೆ ಮಾಡಿದ. ಇನ್ನು ಮೇಲೆ ಆಯಿಲ್ ಇಳಿಸುವ ಮುಂಚೆ ಕೀ ಅವಳ ಕೈಗೆ, ಬಿಚ್ಚಿದ ಬೋಲ್ಟು ತನ್ನ ಜೇಬಿಗೆ.

"ಹೊಸದು ಹಾಕಿ ಬಂದು ಕೇಳೋವರೆಗೂ ಕೊಡಬೇಡ. ಯಮ ಬಂದು ಕೇಳಿದ್ರೂ ಕೊಡಬೇಡ."

"ಯಮನಿಗೆ ಕೋಣ ಇದೆಯಲ್ರೀ, ನಿಮ್ಮ ಡಕೋಟ ಗಾಡಿ ಯಾಕೆ?"

ಅವನು ನಕ್ಕಿದ್ದ. ನಿನ್ನೆಯೂ ಕೀ ಕೊಟ್ಟು, "ಪೂರ್ತಿ ಸೋರಲಿ, ಅಲ್ಲೀವರೆಗೂ ಸ್ವಲ್ಪ ಅಡ್ಡಾಗ್ತೀನಿ," ಎಂದು ಒಳಗೆ ಹೋಗಿ ಮಲಗಿದ.

*

ಅವಳು ಒಳಗೆ ಹೋದಳು. ಹೊದಿಕೆ ಸರಿಸಿ, ಎಲ್ಲರೂ ನೋಡುತ್ತಿದ್ದಂತೆ, ಗಂಡನ ಅಂಗಿಯ ಜೇಬಿಗೆ ಎಡಗೈ ಹಾಕಿದಳು. ಬೋಲ್ಟು ಇತ್ತು. ಜೊತೆಗೆ ಹೊಸ ವಾಷರ್. ಜೇಬಿನ ಮೇಲೆ ಕಪ್ಪು ಕಲೆ ಹಬ್ಬಿತ್ತು.

"ಬೇರೆ ಅಂಗಿ ಹಾಕೋಣ್ವಾ, ಅಮ್ಮಾ?" ಎಂದ ದರ್ಜಿ.

"ಬೇಡ. ಈ ಕಲೆಗೆ ಎಷ್ಟು ಬೈದಿದೀನೋ. ಇರಲಿ ಬಿಡಿ."

ಮೈದುನ ಸ್ಪ್ಯಾನರ್ ಹಿಡಿದು ಬೈಕಿನ ಕೆಳಗೆ ಕೂತ. ಅವಳು ಮೆಟ್ಟಿಲ ಮೇಲೆ ನಿಂತೇ ಹೇಳಿದಳು: "ವಾಷರ್ ಮರೀಬೇಡ. ಮೊದಲು ಕೈಯಲ್ಲೇ ತಿರುಗಿಸು. ಸ್ಪ್ಯಾನರಲ್ಲಿ ಒಂಚೂರು ಸಾಕು, ಜಟ್ಟಿ ಹಾಗೆ ಎಳೆದ್ರೆ ತ್ರೆಡ್ಡು ಹೋಗುತ್ತೆ. ಗಾಡಿ ನೆಟ್ಟಗೆ ನಿಲ್ಲಿಸಿ ಕಡ್ಡೀಲಿ ಆಯಿಲ್ ಅಳತೆ ನೋಡು. ಸೈಡ್ ಸ್ಟ್ಯಾಂಡಲ್ಲಿ ನೋಡಿದ್ರೆ ಅದು ಸುಳ್ಳು ಹೇಳುತ್ತೆ."

"ಥೇಟ್ ಅಣ್ಣನ ಹಾಗೇ ಬೈತೀರಲ್ಲ," ಎಂದು ಅವನು ಮುಂಗೈಯಿಂದ ಕಣ್ಣೊರೆಸಿಕೊಂಡ. ಕೆನ್ನೆಗೆಲ್ಲ ಮಸಿಯಾಯಿತು.

ಮೆಟ್ಟಿಲ ಪಕ್ಕದಲ್ಲಿದ್ದ ಹೊಸ ಡಬ್ಬ ಒಡೆದು ಆಯಿಲ್ ಹುಯ್ದ. ಅಳತೆ ನೋಡಿ ಮುಚ್ಚಳ ಬಿಗಿದ. ವ್ಯಾನಿನ ಡ್ರೈವರ್ ಹಾರ್ನ್ ಹೊಡೆದ. ಬೀರು ಕೀ ಇನ್ನೂ ಬೈಕಿನಲ್ಲೇ ಇತ್ತು. ಮೈದುನ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮೆಟ್ಟಿಲ ಬಳಿ ಬಂದು ಅಂಗೈ ಚಾಚಿದ.

"ಅತ್ತಿಗೆ, ಆಯಿಲ್ ಹಾಕಿದೀನಿ. ಕೀ ಕೊಡಿ."

ಅವಳಿಗೆ ಆಗ ಅಳು ಬಂತು. ಮರಗಟ್ಟಿದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿ ಕೀಯನ್ನು ಅವನ ಕೈಗಿಟ್ಟಳು. ಬೈಕು ಗುಡುಗುಟ್ಟಿ ಓಣಿ ದಾಟಿ ಹೋಯಿತು. ಅವಳ ತೆರೆದ ಅಂಗೈಯಲ್ಲಿ ಕೀಯ ಹಲ್ಲುಗಳ ಗುರುತು ಕೆಂಪಗೆ ಉಳಿದಿತ್ತು.