ಮಂಚದ ಕೆಳಗಿನ ವೈರು

ನಮ್ಮ ಕ್ಷೌರದಂಗಡಿಗೆ ಬರುವವರು ನನ್ನನ್ನು ಈಗಲೂ ‘ಹತ್ತನೇ ನಂಬರ್’ ಎಂದೇ ಕರೆಯುತ್ತಾರೆ. ನಲವತ್ತೆರಡು ವರ್ಷದವನನ್ನು! ಆ ಹೆಸರಿಟ್ಟ ಪುಣ್ಯಾತ್ಮ ನನ್ನ ಸ್ವಂತ ಅಣ್ಣ.

ನನಗೆ ಎಂಟು ವರ್ಷವಿದ್ದಾಗ ಮನೆಗೆ ವಿಡಿಯೋ ಗೇಮ್ ಬಂತು. ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ, ಎರಡು ರಿಮೋಟು, ಒಂದೇ ಒಂದು ಕ್ಯಾಸೆಟ್ಟು. ಜಪಾನಿನ ಯಾವುದೋ ಕಾರ್ಟೂನ್ ಧಾರಾವಾಹಿಯಿಂದ ಮಾಡಿದ ಫುಟ್‌ಬಾಲ್ ಆಟ. ಒದ್ದ ಚೆಂಡು ಗೋಲು ಮುಟ್ಟಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಪರದೆಯ ತುಂಬ ಹುಡುಗರ ದೊಡ್ಡ ದೊಡ್ಡ ಕಣ್ಣು, ಹಾರುವ ಕೂದಲು, ಬೆವರು. ಚೆಂಡು ಸಿಕ್ಕಾಗ ಆಟ ನಿಂತು ಮೂರು ಸಾಲಿನ ಪಟ್ಟಿ ಬರುತ್ತಿತ್ತು. ಜಪಾನಿ ಅಕ್ಷರ ನಮಗೆಲ್ಲಿ ಬರಬೇಕು? ಮೇಲಿನ ಸಾಲು ‘ಒದೆ’, ಕೆಳಗಿನದು ‘ಕೊಡು’ ಎಂದು ಸೋತು ಸೋತು ಕಲಿತೆವು.

“ನೀನು ಹತ್ತನೇ ನಂಬರ್ ಕಣೋ, ಹೀರೋ. ಉಳಿದೋರೆಲ್ಲ ನಾನು,” ಎಂದ ಅಣ್ಣ.

ಇಡೀ ಬೇಸಿಗೆ ರಜೆ ಗುಂಡಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ಬಾತುಕೊಂಡಿತು. ರಜೆಯ ಕೊನೆಯ ದಿನ ಅವನು ಬೀದಿಯ ಹುಡುಗರನ್ನೆಲ್ಲ ಕರೆದು ಕೂರಿಸಿದ. ನಾನು ಗೋಲು ಹೊಡೆದು ಕುಣಿಯುತ್ತಿದ್ದಾಗ ಮಂಚದ ಕೆಳಗಿನಿಂದ ನನ್ನ ರಿಮೋಟಿನ ವೈರು ಎಳೆದು ಎತ್ತಿ ತೋರಿಸಿದ. ಅದನ್ನು ಪೆಟ್ಟಿಗೆಗೆ ಒಂದು ದಿನವೂ ಸಿಕ್ಕಿಸಿರಲಿಲ್ಲ. ನನ್ನ ಗೋಲುಗಳನ್ನೆಲ್ಲ ಹೊಡೆದದ್ದು ಅವನೇ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು.

ಹೋದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಬಿದ್ದದ್ದು ಬಲಗೈ, ಕತ್ತಿ ಹಿಡಿಯುವ ಕೈ. ಅಂಗಡಿಯ ಬಾಗಿಲ ಪಕ್ಕದ ಅವನ ಕುರ್ಚಿ ನನ್ನ ಪಾಲಿಗೆ ಬಂತು. ವ್ಯಾಯಾಮ ಮಾಡಿಸಲು ಬರುವಾಕೆ, “ಬೆರಳು ಸುಮ್ನಿರಬಾರದು, ಏನಾದ್ರೂ ಒತ್ತಿಸ್ತಾ ಇರಿ,” ಎಂದಳು. ಅತ್ತಿಗೆ ಅಟ್ಟದಿಂದ ಆ ಹಳೇ ಪೆಟ್ಟಿಗೆ ಇಳಿಸಿದರು. ಆಶ್ಚರ್ಯವೆಂದರೆ ಅದಿನ್ನೂ ಕೆಟ್ಟಿರಲಿಲ್ಲ.

“ಒಂದು ಮ್ಯಾಚಲ್ಲಿ ಈ ಕೈಯಿಂದ ಹತ್ತು ಗೋಲು ಹೊಡೀತೀನಿ. ಮಾರನೇ ದಿನಾನೇ ಕತ್ತಿ ಹಿಡೀತೀನಿ. ಕುರ್ಚಿ ಬಿಟ್ಕೊಡೋಕೆ ತಯಾರಾಗಿರು,” ಎಂದ ಅಣ್ಣ.

“ಆಗ್ಲಿ ಅಣ್ಣ. ನೀನು ಹತ್ತನೇ ನಂಬರ್. ಉಳಿದೋರೆಲ್ಲ ನಾನು.”

ಅವನಿಗೆ ಏನೂ ನೆನಪಾಗಲಿಲ್ಲ. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಅವನ ರಿಮೋಟಿನ ವೈರನ್ನು ಮಂಚದ ಕೆಳಗೆ ತಳ್ಳಿದೆ. ಮಾಡಿದ್ದುಣ್ಣೋ ಮಾರಾಯ!

ದಿನಾ ಮಧ್ಯಾಹ್ನ ಊಟಕ್ಕೆ ಬಂದಾಗ ಆಡುತ್ತಿದ್ದೆವು. ಅವನ ಹೆಬ್ಬೆರಳು ನಡುಗುತ್ತ ಗುಂಡಿಯ ಮೇಲೆ ಬರುವವರೆಗೆ ಕಾದು ನನ್ನದನ್ನು ಒತ್ತುತ್ತಿದ್ದೆ. ಮೊದಲ ವಾರ ಒಂದು ಗೋಲು. ಆಮೇಲೆ ಮೂರು, ಐದು. ಅತ್ತಿಗೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು. ವ್ಯಾಯಾಮದಾಕೆ ಮಾತ್ರ ಬೆರಳು ಮುಟ್ಟಿ ನೋಡಿ, “ನಂಗೇನೂ ವ್ಯತ್ಯಾಸ ಕಾಣ್ತಿಲ್ವಲ್ಲ,” ಎಂದಳು. ಅಣ್ಣ ಕೆರಳಿ, “ನಾಳೆಯಿಂದ ನೀವು ಬರೋದೇ ಬೇಡ,” ಎಂದುಬಿಟ್ಟ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಹತ್ತನೇ ಗೋಲಿನ ದಿನ ಅವನು ಅತ್ತುಬಿಟ್ಟ.

ಮರುದಿನ ಅಂಗಡಿ ತುಂಬಿತ್ತು. ಬರಲೇಬೇಕು ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಇಪ್ಪತ್ತು ವರ್ಷದಿಂದ ಅಣ್ಣನಿಗೆ ಬಿಟ್ಟು ಬೇರೆ ಯಾರಿಗೂ ಗಡ್ಡ ಕೊಡದ ಅಂಚೆ ಮಾಸ್ತರರು ಕುರ್ಚಿಯಲ್ಲಿ ಕುತ್ತಿಗೆ ಚಾಚಿ ಕಣ್ಣು ಮುಚ್ಚಿದರು. ಅಣ್ಣ ಕತ್ತಿ ಎತ್ತಿದ ಕೂಡಲೇ ವೈರಿನ ಕಥೆ ಹೇಳಿ ಎಲ್ಲರನ್ನೂ ನಗಿಸುವುದು ನನ್ನ ಲೆಕ್ಕ. ಅವನು ಎಡಗೈಯಿಂದ ಬಲಗೈ ಬೆರಳುಗಳನ್ನು ಕತ್ತಿಗೆ ಸುತ್ತಿ ಎತ್ತಿದ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಅಷ್ಟು ಸಂತೋಷದ ಮುಖವನ್ನು ನಾನು ಅವನಲ್ಲಿ ಯಾವತ್ತೂ ನೋಡಿರಲಿಲ್ಲ. ವೈರಿನ ಕಥೆಯನ್ನು ನುಂಗಿಕೊಂಡೆ.

ಕತ್ತಿ ಕಿವಿಯ ಕೆಳಗಿನಿಂದ ಗಲ್ಲದವರೆಗೆ ಜಾರಿತು. ಸೋಪಿನ ನೊರೆ ಕೆಂಪಾಯಿತು. ಒಬ್ಬರೂ ನಗಲಿಲ್ಲ. ಮಾಸ್ತರರು ಟವೆಲ್ಲು ಒತ್ತಿ ಹಿಡಿದು, “ಪರವಾಗಿಲ್ಲ ಬಿಡಪ್ಪ, ಗಾಬರಿಯಾಗ್ಬೇಡ,” ಎಂದು ಅವನನ್ನೇ ಸಮಾಧಾನ ಮಾಡಿದರು. ಅಣ್ಣ ಎಡಗೈಯಲ್ಲಿ ಕತ್ತಿ ಒರೆಸಿ ನನ್ನ ಕೈಗಿಟ್ಟ.

“ಕುರ್ಚಿ ನಿಂದೇ ಕಣೋ.”

ಮಧ್ಯಾಹ್ನ ನಾನು ಮನೆಗೆ ಹೋದಾಗ ಅವನು ಟಿ.ವಿ. ಮುಂದೆ ಕೂತಿದ್ದ. “ಬಾ, ಇದೊಂದಾದ್ರೂ ಬರತ್ತಲ್ಲ ನಂಗೆ,” ಎಂದ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇನ್ನು ಸುಳ್ಳು ಸಾಕು ಎಂದುಕೊಂಡು, ಅವನ ವೈರು ಹುಡುಕಿ, ಮೊದಲ ಸಲ ಪೆಟ್ಟಿಗೆಗೆ ಸಿಕ್ಕಿಸಿದೆ. ನನ್ನ ರಿಮೋಟನ್ನು ಕೆಳಗಿಟ್ಟೆ.

ಹತ್ತನೇ ನಂಬರಿಗೆ ಚೆಂಡು ಸಿಕ್ಕಿತು. ಮೂರು ಸಾಲಿನ ಪಟ್ಟಿ ಬಂದು ನಿಂತಿತು. ಅಣ್ಣ ಒತ್ತಿದ. ಅವನ ಬೆರಳಿನ ಬಲಕ್ಕೆ ಗುಂಡಿ ಒಳಗೆ ಇಳಿಯಲೇ ಇಲ್ಲ. ತುಟಿ ಕಚ್ಚಿ ಮತ್ತೆ ಮತ್ತೆ ಒತ್ತಿದ. ಆಟ ಕಾಯುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ರಿಮೋಟನ್ನು ನನ್ನ ಕಡೆ ಚಾಚಿದ.

“ಇದು ಕೆಟ್ಟಿದೆ ಕಣೋ. ನಿನ್ನೆವರೆಗೆ ಚೆನ್ನಾಗಿತ್ತು. ನಿನ್ನೆ ಇದ್ದ ಹಾಗೇ ಮಾಡ್ಕೊಡು.”

ನಾನು ಬಗ್ಗಿ ವೈರು ಕಿತ್ತು ಮಂಚದ ಕೆಳಗೆ ತಳ್ಳಿದೆ. ನನ್ನ ರಿಮೋಟು ಎತ್ತಿಕೊಂಡೆ.

“ಈಗ ಒತ್ತು ಅಣ್ಣ,” ಎಂದೆ.