ಅಮಾಲ್ಫಿಯಲ್ಲಿ ನೋಡಬೇಕಾದದ್ದು

ಮರದ ಸೌಟನ್ನು ಅನಸೂಯಾ ಶವಪೆಟ್ಟಿಗೆಯಿಂದ ಕಿತ್ತು ತೆಗೆದು ಕೋಕಿಲಾಳ ಕೈಗೇ ವಾಪಸು ತುರುಕಿದಳು.

“ಅಲ್ಲಿ ಹೋಗಿಯೂ ಬಡಿಸ್ಬೇಕೇನ್ರೀ ಅವ್ರು?”

ಕೋಕಿಲಾ ಸೌಟು ಹಿಡಿದು ಹಾಗೆಯೇ ನಿಂತಳು. “ಅಯ್ಯೋ, ಹಾಗಲ್ಲ ಅನಸೂಯಾ. ಮೆಟಲ್ ಇಡಬಾರದು ಅಂದ್ರಲ್ಲ, ಅದಕ್ಕೇ ಮರದ್ದು ಹುಡುಕಿ ತಂದೆ. ಅವರಿಗೆ ಇಷ್ಟವಾದ್ದನ್ನ ಇಡಬೇಕು ಅಂತ...”

“ಸೌಟು ಅವರಿಗೆ ಇಷ್ಟ ಅಂತ ಯಾರು ಹೇಳಿದ್ದು ನಿಮಗೆ?”

ಸತ್ತವರಿಗೆ ಪ್ರಿಯವಾದ ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಜೊತೆಯಲ್ಲೇ ಸುಡುವುದು ಜಪಾನಿನ ಪದ್ಧತಿ. ಲೋಹ ಬೇಡ, ಗಾಜು ಬೇಡ, ದಪ್ಪ ಪುಸ್ತಕ ಬೇಡ ಎಂದು ಅಂತ್ಯಕ್ರಿಯೆ ನಡೆಸುವ ಕಂಪನಿಯ ಮಿಯಾತಾ-ಸಾನ್ ಮೊದಲೇ ತಿಳಿಸಿದ್ದರು. ಹದಿನೈದು ವರ್ಷ ರಾಘವನ ಕೈಯಡುಗೆ ಉಂಡ ನಾಲ್ಕು ಸಂಸಾರಗಳು ಕೂತು ಯೋಚಿಸಿದಾಗ, ಅವನಿಗೆ ಪ್ರಿಯವಾದದ್ದೆಂದು ಹೊಳೆದದ್ದು ಸೌಟೊಂದೇ.

ಅನಸೂಯಾ ತನ್ನ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಮಡಿಕೆಗಳಲ್ಲಿ ಹರಿದು ಟೇಪು ಹಚ್ಚಿಸಿಕೊಂಡ ನಕ್ಷೆ. ಇಟಲಿಯ ಅಮಾಲ್ಫಿ ಎಂಬ ಕಡಲೂರಿನದು. ಅದನ್ನು ಗಂಡನ ತಣ್ಣನೆಯ ಕೈಗಳ ಕೆಳಗೆ ಸಿಕ್ಕಿಸಿ, ಮೇಲೆ ಒಂದು ಹಿಡಿ ಸೇವಂತಿಗೆ ಹಾಕಿದಳು. ಈ ಊರಿನಲ್ಲಿ ಸುಡುಗಾಡಿಗೂ ಸರದಿ ಇದೆ. ಆರು ದಿನ ಅವನನ್ನು ಶೀತದ ಕೋಣೆಯಲ್ಲಿಟ್ಟುಕೊಂಡು ಕಾದಿದ್ದರು. ಬದುಕಿದ್ದಾಗ ಒಲೆಯ ಮುಂದೆ ಬೆಂದವನಿಗೆ ಸತ್ತ ಮೇಲೆ ಆರು ದಿನದ ತಂಪು.

ಫೋನಿನ ಪರದೆಯಲ್ಲಿ ನಂಜನಗೂಡಿನ ಪುರೋಹಿತರು ಮಂತ್ರ ಮುಗಿಸಿದರು. ಬಾಲಸುಬ್ರಹ್ಮಣ್ಯ ಗಂಟಲು ಸರಿಪಡಿಸಿಕೊಂಡ. ಶಿನಾಗಾವಾದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವನು, ಕೋಕಿಲಾಳ ಗಂಡ. ನಿಶಿ ಕಸಾಯಿ ಬಡಾವಣೆಯ ಕನ್ನಡಿಗರಲ್ಲಿ ಯಾರ ಮನೆಯಲ್ಲಿ ಏನೇ ಆದರೂ ಮೊದಲ ಮಾತು ಇವನದೇ.

“ರಾಘವ ಅವರು ನಮಗೆಲ್ಲ ಫ್ಯಾಮಿಲಿ ಇದ್ದ ಹಾಗೆ. ಅವರ ಬಿಸಿಬೇಳೆ ಬಾತ್ ಇಲ್ದೆ ನಮ್ಮ ಒಂದ್ ಯುಗಾದಿನೂ ಆಗಿಲ್ಲ. ಅವರಿಗೆ ಅಂತ ಒಂದು ಆಸೆ ಇರ್ಲಿಲ್ಲ. ಸಚ್ ಎ ಸಿಂಪಲ್ ಸೋಲ್.”

ಅನಸೂಯಾಳಿಗೆ ಮೈ ಉರಿಯಿತು. ಐವತ್ನಾಲ್ಕು ವರ್ಷದ ಮನುಷ್ಯನನ್ನು ನಲವತ್ತಾರರ ಈತ ಒಂದು ದಿನವೂ ‘ಅವರು’ ಎಂದವನಲ್ಲ. ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು ಅಂತಾರಲ್ಲ, ಹಾಗೆ ಈಗ ಬಹುವಚನ ಸುರಿಯುತ್ತಿತ್ತು. ಮಿಯಾತಾ-ಸಾನ್ ತಲೆಬಾಗಿ ಮುಚ್ಚಳ ಸರಿಸಿದರು. ಕುಲುಮೆಯ ಬಾಗಿಲು ಲಿಫ್ಟಿನ ಬಾಗಿಲಿನ ಹಾಗೆ ಸದ್ದಿಲ್ಲದೆ ಮುಚ್ಚಿಕೊಂಡಿತು.

*

ಜನವರಿಯ ಮೊದಲ ಮೂರು ದಿನ ರಾಘವ ಅಡುಗೆಗಿದ್ದ ರೆಸ್ಟೋರೆಂಟಿಗೆ ರಜೆ. ವರ್ಷದಲ್ಲಿ ಅವನು ಮಧ್ಯಾಹ್ನದ ಹೊತ್ತು ಮನೆಯಲ್ಲಿ ಕಾಣಸಿಗುತ್ತಿದ್ದದ್ದು ಆಗ ಮಾತ್ರ. ಊಟ ಮುಗಿಸಿ, ಹೀಟರಿನ ಮುಂದೆ ಕಾಲು ಚಾಚಿ, ಆ ನಕ್ಷೆಯನ್ನು ಬಿಡಿಸುತ್ತಿದ್ದ.

“ಮೊದಲನೇ ದಿನ ಏನೂ ಮಾಡಬಾರದು ಕಣೆ. ಸುಮ್ನೆ ಸಮುದ್ರದ ಹತ್ರ ಕೂತ್ಕೋಬೇಕು. ಎರಡನೇ ದಿನ ಬೆಳಿಗ್ಗೆ ಚರ್ಚಿನ ಮೆಟ್ಟಿಲು. ಅರವತ್ತೆರಡು. ನಾನೇ ಎಣಿಸಿದೀನಿ.”

“ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೋರಿಗೆ ಅರವತ್ತೆರಡು ಏನ್ ಮಹಾ?”

“ಹತ್ತೋದು ಮುಖ್ಯ ಅಲ್ಲ. ಮೇಲೆ ನಿಂತು ತಿರುಗಿ ನೋಡ್ಬೇಕು. ಆಮೇಲೆ ದೋಣಿ. ಪಚ್ಚೆ ಗುಹೆ ಅಂತ ಇದೆ. ನೀರೊಳಗೆ ಕೈ ಅದ್ದಿದ್ರೆ ಕೈಯೇ ಪಚ್ಚೆ! ದೋಣಿಯೋನು ಹಾಡು ಹೇಳ್ತಾನೆ, ಗುಹೆಯೆಲ್ಲ ಮೊಳಗತ್ತೆ. ವಾಪಸ್ ಬಂದು ನಿಂಬೆಹಣ್ಣು. ನಮ್ಮ ಗಜನಿಂಬೆ ಅದರ ಮುಂದೆ ಮಗು. ಸಿಪ್ಪೆ ಸಮೇತ ಹೆಚ್ಚಿ, ಸಕ್ಕರೆ ಉದುರಿಸಿ ತಿನ್ನೋದು.”

“ಈಜಿದ್ರಾ?”

“ಕಪಿಲೇಲಿ ಈಜಿದೋನು ಸಮುದ್ರ ಕಂಡು ಬಿಡ್ತೀನಾ?”

ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷ ಜಪಾನಿಗೆಲ್ಲ ಹತ್ತು ದಿನ ರಜೆ ಸಿಕ್ಕಿತ್ತು. ನಾಲ್ಕು ಸಂಸಾರ ಸೇರಿ ಇಟಲಿಗೆ ಹೊರಟಾಗ ರಾಘವನನ್ನೂ ಕರೆದೊಯ್ದಿದ್ದರು. ಬಾಲಸುಬ್ರಹ್ಮಣ್ಯನ ತಾಯಿ ಹೊರಗೆ ತೊಟ್ಟು ನೀರೂ ಮುಟ್ಟುವವರಲ್ಲ. ಅವರಿಗೆ ಮಡಿ ಅಡುಗೆ, ಉಳಿದವರಿಗೆ ಸಾರು ಅನ್ನ. ಹೋಗುವಾಗ ಕುಕ್ಕರು, ಹಿಂಗು, ಹತ್ತು ಕಿಲೋ ಅಕ್ಕಿ ಹೊತ್ತು ಹೋದವನು ಬರುವಾಗ ಆ ನಕ್ಷೆ ತಂದ. ಎಡಗೈ ಮಣಿಕಟ್ಟಿನಲ್ಲಿ ಕೆಂಪು ಬರೆಯಿತ್ತು. ಇದೇನೆಂದು ಅನಸೂಯಾ ಕೇಳಿದಾಗ, ದೋಣಿಯ ಹಗ್ಗ ಉಜ್ಜಿತು ಎಂದು ನಕ್ಕಿದ್ದ.

ಬೆಂತೋ ಎಂಬ ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದಿನವೆಲ್ಲ ಅನ್ನದ ಮೇಲೆ ಒಂದೊಂದೇ ಉಪ್ಪಿನಕಾಯಿ ಇಡುತ್ತ ಅವಳು ಆ ಊರನ್ನು ನೆನೆಯುತ್ತಿದ್ದಳು. ಮಕ್ಕಳಿಲ್ಲ, ಸ್ವಂತ ಮನೆಯಿಲ್ಲ. ತನ್ನ ಗಂಡ ಬದುಕಿನಲ್ಲಿ ಆರು ದಿನವಾದರೂ ಮನುಷ್ಯನ ಹಾಗೆ ಕಡಲಲ್ಲಿ ಈಜಿ, ದೋಣಿ ಏರಿ, ಹಣ್ಣು ತಿಂದು ಸುಖವಾಗಿದ್ದ ಎಂಬುದೊಂದೇ ಅವಳಿಗೆ ಸಮಾಧಾನ. “ನಿನ್ನ ಕರ್ಕೊಂಡು ಹೋದ್ರೆ ಗೈಡೇ ಬೇಡ” ಎನ್ನುತ್ತಿದ್ದ ಅವನು. ಅದನ್ನೂ ನಂಬಿದ್ದಳು.

*

ದೇಹ ಸುಟ್ಟು ಮೂಳೆ ಸಿದ್ಧವಾಗಲು ಒಂದು ಗಂಟೆ ಬೇಕು ಎಂದು ಹೇಳಿ ಮಿಯಾತಾ-ಸಾನ್ ಎಲ್ಲರನ್ನೂ ಕಾಯುವ ಕೋಣೆಗೆ ಕರೆತಂದರು. ಉದ್ದನೆಯ ಮೇಜು, ಹಸಿರು ಚಹಾ. ಪ್ರಶಾಂತ ಪಕ್ಕದ ಕೊಂಬಿನಿ ಅಂಗಡಿಯಿಂದ ಒಂದು ಚೀಲ ತುಂಬ ಅನ್ನದುಂಡೆ ತಂದಿದ್ದ. ಸ್ನಾನವಾಗದೆ ತಿನ್ನುವಂತಿಲ್ಲ ಎಂದು ಹಿರಿಯರು ಮುಟ್ಟಲಿಲ್ಲ. ಆದರೆ ಡಬ್ಬಿಯ ಕಾಫಿಗೆ ಮೈಲಿಗೆ ತಟ್ಟುವುದಿಲ್ಲವೆಂದು ಯಾರೋ ಶಾಸ್ತ್ರ ತೆಗೆದರು. ಒಬ್ಬೊಬ್ಬರೇ ಎದ್ದುಹೋಗಿ ಮೆಷೀನಿನಿಂದ ತಂದುಕೊಂಡರು.

“ಮುಂದಿನ ವಾರ ನಮ್ಮತ್ತೆಯ ಎಂಬತ್ತನೇ ವರ್ಷದ ಫಂಕ್ಷನ್,” ಎಂದು ಕೋಕಿಲಾ ಪಕ್ಕದವಳ ಹತ್ತಿರ ಪಿಸುಗುಟ್ಟಿದಳು. “ಯಾರನ್ನ ಹುಡುಕೋದೋ ಈಗ.”

ಅನಸೂಯಾಳಿಗೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಬಟ್ಟಲಿನ ಚಹಾ ನೋಡುತ್ತ ಕೂತಳು. ಅದನ್ನು ಮುಚ್ಚಿಹಾಕಲೆಂದೋ ಏನೋ, ಪ್ರಶಾಂತ ಅವಳ ಕಡೆ ತಿರುಗಿದ. ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಮನಸ್ಸಿನಲ್ಲಿ ಕೆಡುಕಿಲ್ಲದವನು.

“ಅಕ್ಕ, ಆ ನಕ್ಷೆ ಅಮಾಲ್ಫಿದಲ್ವಾ? ಅವರಿಗೆ ಅಷ್ಟು ಇಷ್ಟ ಆಗಿತ್ತು ಅಂತ ಗೊತ್ತೇ ಇರ್ಲಿಲ್ಲ.”

ಆರು ದಿನಗಳಲ್ಲಿ ಮೊದಲ ಸಲ ಅನಸೂಯಾಳ ಮುಖ ಸ್ವಲ್ಪ ಸಡಿಲಾಯಿತು. “ಇಷ್ಟ ಅಂದ್ರೆ ಅಷ್ಟಿಷ್ಟಲ್ಲಪ್ಪ. ಪ್ರತಿ ವರ್ಷ ಹೇಳೋರು. ಆ ಪಚ್ಚೆ ಗುಹೆ, ದೋಣಿಯೋನು ಹಾಡಿದ್ದು. ನೀನೂ ಅದೇ ದೋಣೀಲಿ ಇದ್ಯಾ?”

“ನಾನಿದ್ದೆ ಅಕ್ಕ. ಆದ್ರೆ ರಾಘವ ಅವರು...” ಪ್ರಶಾಂತ ಬಾಲಸುಬ್ರಹ್ಮಣ್ಯನ ಮುಖ ನೋಡಿದ. “ಅವರು ಬೋಟಿಗೆ ಬರ್ಲಿಲ್ಲ ಅನ್ಸತ್ತೆ.”

“ಹನ್ನೆರಡು ಜನಕ್ಕೇ ಲಿಮಿಟ್ ಇತ್ತು,” ಎಂದ ಬಾಲಸುಬ್ರಹ್ಮಣ್ಯ. “ನಾವು ಕೇಳಿದ್ವಿ. ಅವರೇ ಪರವಾಗಿಲ್ಲ ಅಂದ್ರು.”

ಅನಸೂಯಾ ಬಟ್ಟಲು ಕೆಳಗಿಟ್ಟಳು. “ಚರ್ಚಿನ ಮೆಟ್ಟಿಲು ಹತ್ತಿದ್ರಲ್ಲ? ಅರವತ್ತೆರಡು?”

“ಅವತ್ತು ನಮ್ಮತ್ತೆಯ ಏಕಾದಶಿ. ಉಪ್ಪಿಟ್ಟಿನ ಗಲಾಟೆ ಇತ್ತು ಮನೇಲಿ,” ಎಂದಳು ಕೋಕಿಲಾ, ನೆನಪಿಸಿಕೊಂಡ ಖುಷಿಯಲ್ಲಿ. ಮರುಕ್ಷಣ ಬಾಯಿ ಮುಚ್ಚಿಕೊಂಡಳು.

“ನಿಂಬೆಹಣ್ಣಾದ್ರೂ ತಿಂದ್ರಾ?”

ಪ್ರಶಾಂತ ಅನ್ನದುಂಡೆಯ ಚೀಲದ ಬಾಯಿ ಕಟ್ಟತೊಡಗಿದ.

“ಯಾರಾದ್ರೂ ಹೇಳ್ರೀ. ಆರು ದಿನ ಇದ್ರಲ್ಲ ನೀವು. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ಅವರು ಅಡುಗೆಮನೆಯಿಂದ ಆಚೆ ಬಂದಿದ್ದು ನೋಡಿದೋರು ಯಾರು?”

ಬಾಲಸುಬ್ರಹ್ಮಣ್ಯ ಸಮಾಧಾನದ ದನಿ ತೆಗೆದ. “ನೋಡಿ ಅನಸೂಯಾ ಅವರೇ, ಈಗ ಇದೆಲ್ಲ ಯಾಕೆ? ಅವರನ್ನ ಯಾರೂ ಕಟ್ಟಿಹಾಕಿರ್ಲಿಲ್ಲ. ವಿಲ್ಲಾದಲ್ಲೇ ಸೀ ವ್ಯೂ ಇತ್ತು.”

“ಕಿಟಕೀಲಿ ನೋಡೋದಕ್ಕೆ ಇಟಲಿಗೆ ಹೋಗ್ಬೇಕಿತ್ತಾ ಅವರು?”

ಈಗ ಅವಳಿಗೆ ಎಲ್ಲ ತಿಳಿಯಿತು. ಇವರು ಸಂಜೆ ಬಂದು ಊಟಕ್ಕೆ ಕೂರುತ್ತಿದ್ದರು. ದೋಣಿ, ಗುಹೆ, ಹಾಡು, ನಿಂಬೆ ಎಂದು ಬಾಯ್ತುಂಬ ಹೇಳಿಕೊಳ್ಳುತ್ತ ಉಣ್ಣುತ್ತಿದ್ದರು. ಸಾರಿನ ಪಾತ್ರೆ ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಿದ್ದವನು ಒಂದೊಂದನ್ನೇ ಕಿವಿಯಲ್ಲಿ ಕಟ್ಟಿಕೊಂಡು ಅವಳಿಗೆಂದು ತಂದಿದ್ದ. ಮೆಟ್ಟಿಲಿನ ಲೆಕ್ಕ ಕೂಡ ಇವರ ಮಕ್ಕಳು ಎಣಿಸಿದ್ದು. ಕೈ ಮೇಲಿನ ಬರೆ ಹಗ್ಗದ್ದಲ್ಲ, ಕುಕ್ಕರಿನ ಹಬೆಯದು. ಅವಳಿಗೆ ಇವರ ಮೇಲೆ ಬಂದಷ್ಟೇ ಸಿಟ್ಟು ಅವನ ಮೇಲೂ ಬಂತು. ಸುಳ್ಳುಗಾರ! ಒಂದು ಸಲ ನಿಜ ಹೇಳಿದ್ದರೆ ಇಬ್ಬರೂ ಕೂತು ಇವರಿಗೆ ಬಾಯ್ತುಂಬ ಬೈದು ಹಗುರಾಗಬಹುದಿತ್ತು. ಆರು ವರ್ಷ ಅವಳನ್ನು ನಗಿಸಿ, ಸುಳ್ಳಿನ ನಕ್ಷೆಯನ್ನು ಅವಳ ಕೈಯಿಂದಲೇ ಬೆಂಕಿಗೆ ಹಾಕಿಸಿಕೊಂಡು ಹೊರಟುಹೋದ.

“ಏನೂ ನೋಡ್ಲಿಲ್ಲ,” ಎಂದಳು ಗಟ್ಟಿಯಾಗಿ. “ನನ್ನ ಗಂಡ ಅಲ್ಲಿ ಏನೂ ನೋಡ್ಲಿಲ್ಲ. ನೀವ್ ನೋಡ್ಸಲಿಲ್ಲ. ನಾಯಿ ಕರ್ಕೊಂಡು ಹೋದೋರೂ ಅದನ್ನ ಒಂದ್ ಸುತ್ತು ಬೀದಿ ತಿರುಗಿಸ್ತಾರೆ.”

“ಅನಸೂಯಾ, ಪ್ಲೀಸ್!” ಕೋಕಿಲಾಳ ಕಣ್ಣಲ್ಲಿ ನೀರು ಬಂದಿತ್ತು. “ಹಾಗನ್ಬೇಡಿ. ಅವರು ಸಮುದ್ರಕ್ಕೆ ಹೋಗಿದ್ರು! ನಂಗೆ ಚೆನ್ನಾಗಿ ನೆನಪಿದೆ. ವಿಡಿಯೊ ಇದೆ ನನ್ನ ಹತ್ರ. ತಾಳಿ, ತೋರಿಸ್ತೀನಿ.”

ಅವಳು ಆತುರದಿಂದ ಫೋನು ತಡಕಿದಳು. ಆರು ವರ್ಷದ ಫೋಟೊಗಳು ಬೆರಳಿನಡಿ ಸರಸರ ಓಡಿದವು. ಅಮಾಲ್ಫಿಯ ಎಲ್ಲ ಫೋಟೊಗಳಲ್ಲಿ ನಗುವ ಹನ್ನೆರಡು ಮುಖಗಳು. ಕೊನೆಗೆ ಸಿಕ್ಕಿತು. “ನೋಡಿ, ನೋಡಿ! ನಾನು ಹೇಳ್ಲಿಲ್ವಾ?” ಎಂದು ಮಗುವಿಗೆ ಆಟಿಕೆ ಕೊಡುವ ಹಾಗೆ ಫೋನನ್ನು ಅನಸೂಯಾಳ ಮುಂದಿಟ್ಟಳು. ಅದರಲ್ಲಿ ಇನ್ನೇನಿತ್ತು ಎಂಬುದನ್ನು ಅವಳು ನಿಜವಾಗಿಯೂ ಮರೆತಿದ್ದಳು.

ಬೆಳಗಿನ ಹೊತ್ತು, ವಿಲ್ಲಾದ ಬಾಲ್ಕನಿಯಿಂದ ತೆಗೆದದ್ದು. ಕಪ್ಪು ಮರಳು, ಗುಂಡುಕಲ್ಲುಗಳು, ನೀಲಿ ನೀರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡ ರಾಘವ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಳ ಹಿಡಿದ ದೊಡ್ಡ ತಪ್ಪಲೆಯನ್ನು ಮರಳು ಹಾಕಿ ತಿಕ್ಕುತ್ತಿದ್ದ. ಕ್ಯಾಮೆರಾದ ಹಿಂದೆ ಕೋಕಿಲಾಳ ನಗು: “ನೋಡ್ರೇ, ಇಟಲಿ ಸಮುದ್ರದಲ್ಲಿ ಪಾತ್ರೆ ತೊಳೀತಿದಾನೆ ನಮ್ಮ ರಾಘವ! ಸಿಂಕಲ್ಲಿ ಹಿಡಿಸ್ಲಿಲ್ವಂತೆ!”

ರಾಘವ ತಪ್ಪಲೆಯನ್ನು ಕಲ್ಲಿನ ಮೇಲೆ ಬೋರಲು ಹಾಕಿದ. ಎದ್ದು ನಿಂತ. ಸುತ್ತ ಯಾರೂ ಇಲ್ಲವೆಂದುಕೊಂಡನೋ ಏನೋ, ನೀರಿನೊಳಗೆ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಬಗ್ಗಿ ಬೊಗಸೆ ತುಂಬ ನೀರೆತ್ತಿ ಕಣ್ಣಿಗೊತ್ತಿಕೊಂಡ. ಮೊಣಕಾಲುದ್ದ ನೀರಿನಲ್ಲಿ ಎರಡೂ ಕೈ ಇಳಿಬಿಟ್ಟು, ದೂರ ನೋಡುತ್ತ ನಿಂತ.

ಮೇಲಿನಿಂದ ಬಾಲಸುಬ್ರಹ್ಮಣ್ಯನ ದನಿ ಅಪ್ಪಳಿಸಿತು: “ಏ ರಾಘವಾ! ಎಂಟು ಗಂಟೆಗೆ ಬೋಟು ಕಣೋ. ತಿಂಡಿ ಎಲ್ಲೋ?”

ರಾಘವ ಬೆಚ್ಚಿಬಿದ್ದು ತಿರುಗಿದ. “ಬಂದೆ ಸಾರ್!” ಎಂದ. ತಪ್ಪಲೆ ಎತ್ತಿಕೊಂಡು ಓಡಿದ. ವಿಡಿಯೊ ಮುಗಿಯಿತು.

ಕೋಕಿಲಾ ಫೋನಿಗೆ ಕೈ ಚಾಚಿದಳು. ಅನಸೂಯಾ ಅದನ್ನು ಕೊಡಲಿಲ್ಲ. ದನಿಯನ್ನು ಪೂರ್ತಿ ಏರಿಸಿ, ಕಾಫಿ ಡಬ್ಬಿಗಳ ನಡುವೆ ಮೇಜಿನ ಮಧ್ಯದಲ್ಲಿಟ್ಟು ಮತ್ತೆ ಹಾಕಿದಳು. ನಗು ಬಂತು. ಕೂಗು ಬಂತು. ‘ತಿಂಡಿ ಎಲ್ಲೋ?’ ಎಂಬುದು ಗೋಡೆಗೆ ಬಡಿದು ಮರಳಿತು.

“ಸಾಕು ಅನಸೂಯಾ ಅವರೇ,” ಎಂದ ಬಾಲಸುಬ್ರಹ್ಮಣ್ಯ. ಅವನ ಕಿವಿ ಕೆಂಪಾಗಿತ್ತು.

“ಕೇಳಿಸ್ಕೊಳ್ಳಿ. ನಿಮ್ಮದೇ ದನಿ.”

ಇನ್ನೊಮ್ಮೆ ಹಾಕಿದಳು. ಕೋಕಿಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪ್ರಶಾಂತ ಎದ್ದು ಕಿಟಕಿಯ ಹತ್ತಿರ ಹೋದ.

ಬಾಗಿಲು ಸರಿದು ಮಿಯಾತಾ-ಸಾನ್ ಒಳಬಂದು ಸೊಂಟ ಬಗ್ಗಿಸಿದರು. ಮೂಳೆ ಸಿದ್ಧವಾಗಿದೆ, ಎಲ್ಲರೂ ದಯಮಾಡಿ ಬರಬೇಕು, ಇಬ್ಬಿಬ್ಬರಾಗಿ ಕಡ್ಡಿಗಳಿಂದ ಎತ್ತಿ ಕುಡಿಕೆಗೆ ಹಾಕಬೇಕು ಎಂದು ಮೆಲ್ಲಗೆ ವಿವರಿಸಿದರು. ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತೆಂಬಂತೆ ಎಲ್ಲರೂ ಒಟ್ಟಿಗೇ ಎದ್ದರು. ಕುರ್ಚಿಗಳು ಕಿರುಗುಟ್ಟಿದವು.

ಅನಸೂಯಾ ಏಳಲಿಲ್ಲ. ನಾಲ್ಕನೆಯ ಸಲ ವಿಡಿಯೊ ಹಾಕಿ, ರಾಘವ ಬೊಗಸೆಯ ನೀರು ಕಣ್ಣಿಗೊತ್ತಿಕೊಂಡು ನೆಟ್ಟಗೆ ನಿಲ್ಲುವವರೆಗೆ ಬಿಟ್ಟಳು. ಕೂಗು ಬರುವ ಮೊದಲೇ ಬೆರಳೊತ್ತಿ ನಿಲ್ಲಿಸಿದಳು.

“ಬನ್ನಿ, ಟೈಮ್ ಆಯ್ತು,” ಎಂದ ಬಾಲಸುಬ್ರಹ್ಮಣ್ಯ ಬಾಗಿಲಿನಿಂದ. “ಮಿಯಾತಾ-ಸಾನ್ ಕಾಯ್ತಿದಾರೆ.”

“ಕಾಯ್ಲಿ. ನೀವೂ ಕಾಯಿರಿ,” ಎಂದಳು ಅನಸೂಯಾ, ತಲೆಯೆತ್ತದೆ. “ಅವರಿನ್ನೂ ನೀರಲ್ಲಿದಾರೆ.”

ಕಪ್ಪು ಬಟ್ಟೆಯ ಹನ್ನೆರಡು ಮಂದಿ ಬಾಗಿಲಿನಲ್ಲಿ ಹಾಗೆಯೇ ನಿಂತರು. ಫೋನಿನ ಪರದೆ ಮಂಕಾಗತೊಡಗಿದಾಗಲೆಲ್ಲ ಅವಳು ಅದನ್ನು ಬೆರಳಿನಿಂದ ಮುಟ್ಟುತ್ತಿದ್ದಳು.